ತಿರುವಿನಲ್ಲಿ ಬೈಕ್ ಎಷ್ಟು ಬಗ್ಗಿಸಬಹುದು?

ಹೊಸ ಬೈಕ್ ತಗೊಂಡ ಹುಡುಗರು ಮೊದಲ ತಿಂಗಳು ಮೈಲೇಜ್ ಬಗ್ಗೆ ಮಾತಾಡುತ್ತಾರೆ. ಎರಡನೇ ತಿಂಗಳು ತಿರುವಿನ ಬಗ್ಗೆ. ಮೊಣಕಾಲು ನೆಲಕ್ಕೆ ತಾಗಿಸಿಕೊಂಡು ಹೋಗುವ ರೇಸಿನವರ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಇದೆ. ಅದನ್ನು ನೋಡಿದ ಮೇಲೆ ಒಂದೇ ಪ್ರಶ್ನೆ: ನಮ್ಮ ಗಾಡಿಯನ್ನು ಎಷ್ಟು ಬಗ್ಗಿಸಬಹುದು?

ನಮ್ಮ ಮನೆಯಲ್ಲಿ ಇದನ್ನು ಕೇಳಿದವನು ಚಿಕ್ಕಪ್ಪನ ಮಗ. ಹದಿನೆಂಟು ತುಂಬಿ, ಲೈಸೆನ್ಸ್ ಬಂದು, ಸಾಲ ಮಾಡಿ ಒಂದು ಬೈಕ್ ಬಂದಿತ್ತು. ಅವನು ಓದುವುದು ಉಜಿರೆಯಲ್ಲಿ. ಮನೆ ಕೊಟ್ಟಿಗೆಹಾರದ ಹತ್ತಿರ. ಶನಿವಾರ ಚಾರ್ಮಾಡಿ ಘಾಟಿ ಹತ್ತಿ ಬರುತ್ತಾನೆ, ಸೋಮವಾರ ಬೆಳಿಗ್ಗೆ ಇಳಿಯುತ್ತಾನೆ. ಸೋಮವಾರ ಅವನು ಉಜಿರೆ ಮುಟ್ಟಿ ಫೋನ್ ಮಾಡುವವರೆಗೂ ಚಿಕ್ಕಮ್ಮ ಮೊಬೈಲನ್ನು ಕೈಯಿಂದ ಕೆಳಗಿಡುವುದಿಲ್ಲ. ಹಾಗಾಗಿ "ಬಗ್ಗಿಸ್ಬೇಡ ಮಾರಾಯ" ಎಂದು ಒಂದು ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಬಗ್ಗಿಸದೆ ಬೈಕ್ ತಿರುಗುವುದೇ ಇಲ್ಲ. ಎಷ್ಟು ಎನ್ನುವುದನ್ನು ಲೆಕ್ಕ ಹಾಕಿಯೇ ಹೇಳಬೇಕಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡಿಗ್ರಿ ಎಂದರೆ ಕೆಲವರಿಗೆ ಗೊಂದಲ. ಗೋಡೆ ಗಡಿಯಾರ ನೆನಪಿಸಿಕೊಳ್ಳಿ. ನಿಮಿಷದ ಮುಳ್ಳು 12ರ ಮೇಲಿದ್ದರೆ ಬೈಕ್ ನೆಟ್ಟಗೆ ನಿಂತ ಹಾಗೆ. ಮುಳ್ಳು ಒಂದು ನಿಮಿಷ ಸರಿದರೆ 6 ಡಿಗ್ರಿ. ಅದು 1ರ ಮೇಲೆ ಬಂದರೆ 30 ಡಿಗ್ರಿ, 2ರ ಮೇಲೆ ಬಂದರೆ 60. ಮೋಟೋಜಿಪಿ ರೇಸಿನವರು ಆ 2ನ್ನೂ ದಾಟಿ ಬಗ್ಗಿಸುತ್ತಾರೆ. ಅವರ ಟೈರಿಗೆ ನಮ್ಮದರ ಹಾಗೆ ಗೆರೆ ಇರುವುದಿಲ್ಲ. ಮೆತ್ತಗಿನ ರಬ್ಬರು, ರೇಸಿಗೆ ಮೊದಲೇ ಹೊದಿಕೆ ಸುತ್ತಿ ಬಿಸಿ ಮಾಡಿರುತ್ತಾರೆ. ರಸ್ತೆಯಲ್ಲಿ ಒಂದು ಕಲ್ಲು ಬಿದ್ದರೂ ಬಾವುಟ ತೋರಿಸುವವರು ಇರುತ್ತಾರೆ. ಎದುರಿಂದ ಯಾರೂ ಬರುವುದಿಲ್ಲ. ಇವೆಲ್ಲ ಇದ್ದೂ ಅವರು ಬೀಳುತ್ತಾರೆ. ಬಿದ್ದರೆ ಜಾರಿಕೊಂಡು ಹೋಗಲು ವಿಶಾಲವಾದ ಜಾಗ ಇರುತ್ತದೆ. ಘಾಟಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ.

ಈಗ ನಮ್ಮ ಲೆಕ್ಕ. ಬೈಕ್ ಎಷ್ಟು ಬಗ್ಗಬೇಕು ಎನ್ನುವುದು ಎರಡೇ ವಿಷಯದ ಮೇಲೆ ನಿಂತಿದೆ: ನಿಮ್ಮ ವೇಗ, ಮತ್ತು ತಿರುವು ಎಷ್ಟು ಬಿಗಿ ಎನ್ನುವುದು. ಬೈಕಿನ ಕಂಪನಿ, ಸಿಸಿ, ತೂಕ ಯಾವುದೂ ಇದನ್ನು ಹೆಚ್ಚು ಬದಲಾಯಿಸುವುದಿಲ್ಲ.

15 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವು ತೆಗೆದುಕೊಳ್ಳೋಣ. ಗಂಟೆಗೆ 20 ಕಿಮೀ ವೇಗದಲ್ಲಿ ಹೋದರೆ ಸುಮಾರು 12 ಡಿಗ್ರಿ ಬಗ್ಗಿದರೆ ಸಾಕು. ಗಡಿಯಾರದಲ್ಲಿ ಎರಡು ನಿಮಿಷ. 30ರಲ್ಲಿ ಹೋದರೆ 25 ಡಿಗ್ರಿ ಬೇಕು, ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. 40ರಲ್ಲಿ ಹೋದರೆ 40 ಡಿಗ್ರಿ, ಹತ್ತಿರ ಹತ್ತಿರ ಏಳು ನಿಮಿಷ. ಟೈರಿಗೂ ಒಂದು ಅಗಲ ಇರುವುದರಿಂದ ನಿಜದಲ್ಲಿ ಇನ್ನೊಂದೆರಡು ಡಿಗ್ರಿ ಸೇರಿಸಿಕೊಳ್ಳಬೇಕು.

ವೇಗ ಎರಡರಷ್ಟಾದಾಗ ಬಗ್ಗಬೇಕಾದದ್ದು ಮೂರರಷ್ಟಕ್ಕೂ ಹೆಚ್ಚಾಯಿತು. 20 ಮತ್ತು 40ರ ನಡುವೆ ಆಕ್ಸಿಲರೇಟರ್ ತಿರುಗಿಸುವ ಕೈಗೆ ಅಂಥ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಟೈರಿಗೆ ಗೊತ್ತಾಗುತ್ತದೆ.

ರಸ್ತೆ ಮಾಡುವ ಎಂಜಿನಿಯರುಗಳು ಅನುಸರಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಹೇರ್‌ಪಿನ್ ತಿರುವಿಗೆ ಕನಿಷ್ಠ ವಿನ್ಯಾಸ ವೇಗ ಎಂದು ಇಟ್ಟಿರುವುದೇ ಗಂಟೆಗೆ 20 ಕಿಮೀ. ಒಳ ಅಂಚಿನ ತ್ರಿಜ್ಯ ಕನಿಷ್ಠ 14 ಮೀಟರ್. ಅಂದರೆ ಇಂಥ ತಿರುವನ್ನು 20ರಲ್ಲಿ ದಾಟುವವನು ಹೆದರುಪುಕ್ಕಲ ಅಲ್ಲ. ಆ ತಿರುವನ್ನು ಮಾಡಿದ್ದೇ ಆ ವೇಗಕ್ಕೆ.

ಹಾಗಾದರೆ 40 ಡಿಗ್ರಿ ಬಗ್ಗಿದರೆ ಬಿದ್ದೇ ಹೋಗುತ್ತೇವಾ? ಒಣಗಿದ, ಸ್ವಚ್ಛವಾದ ಡಾಂಬರಿನಲ್ಲಿ, ಒಳ್ಳೆಯ ಟೈರಿದ್ದರೆ, ಹಿಡಿದೀತು. ಆದರೆ ಅದು ಹೆಚ್ಚುಕಡಿಮೆ ಕೊನೆಯ ಅಂಚು. ನಾವು ಓಡಿಸುವ ಸಾಮಾನ್ಯ ಬೈಕುಗಳ ಫುಟ್‌ರೆಸ್ಟ್ ನೆಲಕ್ಕೆ ತಾಗುವುದೂ ಅದರ ಆಸುಪಾಸಿನಲ್ಲೇ. ಮಳೆಯಲ್ಲಿ ಟೈರಿನ ಹಿಡಿತ ಅರ್ಧಕ್ಕೆ ಇಳಿಯಬಹುದು. ಜಲ್ಲಿಪುಡಿ, ಮಣ್ಣು, ಪಾಚಿ ಇದ್ದರೆ ಇನ್ನೂ ಕಡಿಮೆ.

"ಒಣಗಿದ, ಸ್ವಚ್ಛವಾದ ಡಾಂಬರು" ನಮ್ಮ ಕಡೆ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಚಾರ್ಮಾಡಿಯಲ್ಲಿ ಬಂಡೆಯಿಂದ ಇಳಿಯುವ ನೀರು ರಸ್ತೆ ಮೇಲೇ ಹರಿಯುತ್ತದೆ, ಜೊತೆಗೆ ಮಣ್ಣು ತರುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಿಂದ ಹೊರಗೆ ಬರುವ ಟ್ರ್ಯಾಕ್ಟರ್, ಪಿಕಪ್ ಚಕ್ರದ ಕೆಸರು ತಿರುವಿನಲ್ಲೇ ಉದುರುತ್ತದೆ. ಬಯಲುಸೀಮೆಯವರಾದರೆ ನಿಮಗೆ ಬೇರೆ ಕಥೆ: ಒಕ್ಕಣೆಗೆಂದು ರಸ್ತೆಗೆ ಹಾಕಿದ ರಾಗಿ, ಹುರುಳಿ. ಆ ಹುಲ್ಲಿನ ಮೇಲೆ ನೆಟ್ಟಗೆ ಹೋಗುವುದೇ ಕಷ್ಟ, ಬಗ್ಗಿಸುವ ಮಾತೇ ಇಲ್ಲ. ಫುಲ್ ಟ್ಯಾಂಕ್ ಮಾಡಿಸಿದ ಲಾರಿಯಿಂದ ಡೀಸೆಲ್ ತುಳುಕುವುದೂ ತಿರುವಿನಲ್ಲೇ. ರಸ್ತೆ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್, ಅಲ್ಲಿ ಬೈಕ್ ನೆಟ್ಟಗಿರಬೇಕು.

ಅದಕ್ಕೇ ಅವನಿಗೆ ನಾನು ಕೊಟ್ಟ ಲೆಕ್ಕ ಹೀಗೆ: ಮೊದಲ ವರ್ಷ ರಸ್ತೆ ಒಣಗಿದ್ದರೆ ಗಡಿಯಾರದಲ್ಲಿ ಮೂರು ನಿಮಿಷ, ಅಂದರೆ 20 ಡಿಗ್ರಿಯ ಒಳಗೆ. ಒದ್ದೆಯಿದ್ದರೆ ಎರಡು ನಿಮಿಷ. ಉಳಿದದ್ದು ಉಳಿತಾಯ. ತಿರುವಿನ ನಡುವೆ ಹಸು ಅಡ್ಡ ಬಂದರೆ, ಹೊಂಡ ಕಂಡರೆ ಖರ್ಚು ಮಾಡಲು ಕೈಯಲ್ಲಿ ಏನಾದರೂ ಇರಬೇಕಲ್ಲ.

"ಟೈರ್ ಹಿಡಿಯುತ್ತೆ ಅಂದ್ರೆ ಇನ್ನೇನು ಭಯ ಅಣ್ಣಾ?" ಅಂದ.

ಉತ್ತರ ಕೊಟ್ಟಿದ್ದು ಚಿಕ್ಕಪ್ಪ. ಅವರು ಇಪ್ಪತ್ತು ವರ್ಷದಿಂದ ತೋಟದ ಜೀಪ್ ಓಡಿಸುವವರು. "ಟೈರ್ ಹಿಡಿಯೋದು ಆಮೇಲೆ. ಮುಂದೆ ಏನಿದೆ ಅಂತ ನಿಂಗೆ ಕಾಣುತ್ತಾ? ಕಾಣ್ದೇ ಇರೋ ಜಾಗಕ್ಕೆ ಗಾಡಿ ನುಗ್ಗಿಸ್ಬಾರ್ದು" ಅಂದರು.

ಈ ಮಾತಿಗೂ ಲೆಕ್ಕ ಇದೆ. 20ರಲ್ಲಿ ಹೋಗುವವನು ಏನೋ ಕಂಡು, ಬ್ರೇಕ್ ಹಿಡಿದು, ನಿಲ್ಲಲು ಸುಮಾರು 10 ಮೀಟರ್ ಬೇಕು. 40ರಲ್ಲಿ ಹೋಗುವವನಿಗೆ 25 ಮೀಟರಿಗೂ ಹೆಚ್ಚು. ಇದು ಒಣ ರಸ್ತೆಯ ಮಾತು. ಘಾಟಿಯ ತಿರುವಿನಲ್ಲಿ ಬಂಡೆಯ ಮರೆಯಿಂದ ಕಾಣುವುದು ಎಷ್ಟೋ ಕಡೆ ಅಷ್ಟು ದೂರ ಇರುವುದಿಲ್ಲ. ಮಂಜು ಬಿದ್ದರೆ ಮುಂದಿನ ಗಾಡಿಯ ಕೆಂಪು ದೀಪವೂ ಕಾಣುವುದಿಲ್ಲ. ಬಸ್ ಹೇರ್‌ಪಿನ್ ತಿರುಗುವಾಗ ಇಡೀ ರಸ್ತೆ ಬೇಕಾಗುತ್ತದೆ, ಅದು ಡ್ರೈವರ್ ತಪ್ಪಲ್ಲ, ಬಸ್ಸಿನ ಉದ್ದವೇ ಹಾಗೆ. ರಜೆಯ ದಿನ ನೀರು ಬೀಳುವ ಕಡೆಯೆಲ್ಲ ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿರುತ್ತಾರೆ.

ಇನ್ನೊಂದು ಸಂಗತಿ ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಬಲ ತಿರುವಿನಲ್ಲಿ ನೀವು ನಡುಗೆರೆಯ ಪಕ್ಕದಲ್ಲೇ ಇದ್ದೀರಿ ಎಂದುಕೊಳ್ಳಿ. ಚಕ್ರ ಗೆರೆಯ ಈಚೆಗೇ ಇದೆ. ಆದರೆ 25 ಡಿಗ್ರಿ ಬಗ್ಗಿದಾಗ ನಿಮ್ಮ ತಲೆ ಗೆರೆಯಿಂದ ಸುಮಾರು ಎರಡು ಅಡಿ ಆಚೆ ಇರುತ್ತದೆ. ಎದುರಿಂದ ಬರುವ ಲಾರಿಯ ಕನ್ನಡಿ ಬರುವುದೂ ಅಲ್ಲೇ. ಆದ್ದರಿಂದ ಬಲ ತಿರುವಿನಲ್ಲಿ ನಿಮ್ಮ ಅರ್ಧ ರಸ್ತೆಯ ಎಡಭಾಗದಲ್ಲೇ ಇರಿ. ಎಡ ತಿರುವಿನಲ್ಲಿ ಅಪಾಯ ಬೇರೆ: ವೇಗ ಜಾಸ್ತಿಯಾದರೆ ಬೈಕ್ ಹೊರಕ್ಕೆ, ಅಂದರೆ ಎದುರು ಬರುವವರ ದಾರಿಗೇ ಸರಿಯುತ್ತದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ನೂರರಲ್ಲಿ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಚಿಕ್ಕಮ್ಮ ಈ ವರದಿ ಓದಿಲ್ಲ. ಅವರ ಭಯಕ್ಕೆ ಕಾರಣ ಇದೆ ಎಂದು ಮಾತ್ರ ನನಗೆ ಗೊತ್ತು.

ಇನ್ನು ಕಲಿಯುವುದು ಹೇಗೆ? ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವುದು ಸಮತೋಲನ ಕಲಿಸುತ್ತದೆ, ತಿರುವು ಕಲಿಸುವುದಿಲ್ಲ. ಸಂತೆ ಇಲ್ಲದ ದಿನ ಸಂತೆ ಮೈದಾನದ ಕಾಂಕ್ರೀಟಿನಲ್ಲಿ ನಾವು ಎರಡು ಭಾನುವಾರ ಅಭ್ಯಾಸ ಮಾಡಿದೆವು. ಮಣ್ಣಿನ ಮೈದಾನ ಬೇಡ, ಜಾರುತ್ತದೆ. ಹೆಲ್ಮೆಟ್, ಶೂ, ಪೂರ್ತಿ ತೋಳಿನ ದಪ್ಪ ಅಂಗಿ ಹಾಕಿಕೊಂಡೇ.

ಕ್ರಮ ಇಷ್ಟೇ. ತಿರುವಿಗೆ ಮೊದಲೇ, ಬೈಕ್ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಬಳಸಿ ವೇಗ ಇಳಿಸಿ. ಗೇರ್ ಕೂಡ ಆಗಲೇ ಇಳಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆಫ್ ಮಾಡಬೇಡಿ. ಆಮೇಲೆ ತಲೆ ತಿರುಗಿಸಿ ತಿರುವು ಮುಗಿಯುವ ಕಡೆ ನೋಡಿ. ಕಣ್ಣು ಎಲ್ಲಿದೆಯೋ ಬೈಕ್ ಅಲ್ಲಿಗೆ ಹೋಗುತ್ತದೆ. ಹೊಂಡ ನೋಡಿದರೆ ಹೊಂಡಕ್ಕೇ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡ ತುದಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ. ಕೇಳಿದರೆ ಉಲ್ಟಾ ಅನಿಸುತ್ತದೆ, ಆದರೆ ಓಡುತ್ತಿರುವ ಬೈಕ್ ಎಡಕ್ಕೆ ಬಗ್ಗುವುದು ಹಾಗೆಯೇ. ತಿರುವಿನ ಉದ್ದಕ್ಕೂ ಆಕ್ಸಿಲರೇಟರ್ ಒಂದೇ ಸಮ ಇರಲಿ. ಬೈಕ್ ನೆಟ್ಟಗಾದ ಮೇಲೆ ವೇಗ ಕೊಡಿ.

ತಿರುವಿನೊಳಗೆ ಹೋದ ಮೇಲೆ "ಜೋರಾಯ್ತು" ಅನಿಸಿದರೆ? ಆಗ ಕೈ ತಾನಾಗಿ ಮುಂದಿನ ಬ್ರೇಕ್ ಹಿಂಡುತ್ತದೆ. ಬಗ್ಗಿರುವ ಬೈಕಿನ ಮುಂದಿನ ಚಕ್ರ ಲಾಕ್ ಆದರೆ ಕಣ್ಣು ಮಿಟುಕಿಸುವುದರೊಳಗೆ ನೆಲ ಕಾಣುತ್ತೀರಿ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ, ನಿಜ. ಆದರೆ ಸಾಮಾನ್ಯ ಎಬಿಎಸ್ ನೆಟ್ಟಗಿರುವ ಬೈಕಿನ ಲೆಕ್ಕದಲ್ಲಿ ಮಾಡಿದ್ದು, ಬಗ್ಗಿದಾಗ ಅದೇ ಕಾಪಾಡುತ್ತದೆಂದು ನಂಬಬಾರದು. ಆಗ ಮಾಡಬೇಕಾದದ್ದು: ಬ್ರೇಕ್ ಹಿಂಡಬೇಡಿ, ತಿರುವಿನ ಕೊನೆಗೆ ನೋಡಿ, ಒಳಗಿನ ಹ್ಯಾಂಡಲನ್ನು ಇನ್ನಷ್ಟು ಒತ್ತಿ. ನೀವು ಮೂರು ನಿಮಿಷದಲ್ಲಿ ಇದ್ದರೆ ಐದಕ್ಕೆ ಹೋಗಲು ಜಾಗ ಇರುತ್ತದೆ. ಮೊದಲೇ ಏಳರಲ್ಲಿದ್ದರೆ ಇಲ್ಲ.

ಹೊರಡುವ ಮೊದಲು ಮೂರು ನೋಡಿಕೊಳ್ಳಿ. ಸೈಡ್ ಸ್ಟ್ಯಾಂಡ್ ಮೇಲಿದೆಯಾ? ಕೆಳಗಿದ್ದರೆ ಎಡ ತಿರುವಿನಲ್ಲಿ ನೆಲಕ್ಕೆ ತಗುಲಿ ಬೈಕನ್ನೇ ಎತ್ತಿಹಾಕುತ್ತದೆ. ಟೈರಿನ ಗಾಳಿ ಸರಿ ಇದೆಯಾ? ಟೈರಿನ ಗೆರೆಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ, ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಬದಲಾಯಿಸುವ ಸಮಯ. ಹಿಂದೆ ಯಾರಾದರೂ ಕೂತಿದ್ದರೆ, ಹಾಲಿನ ಕ್ಯಾನೋ ಸಿಲಿಂಡರೋ ಕಟ್ಟಿದ್ದರೆ, ಬೈಕ್ ಕೆಳಗೆ ಕೂರುತ್ತದೆ, ಫುಟ್‌ರೆಸ್ಟ್ ಬೇಗ ತಾಗುತ್ತದೆ, ನಿಲ್ಲಲು ಹೆಚ್ಚು ದೂರ ಬೇಕು. ವೇಗ ಇನ್ನೂ ಇಳಿಸಿ.

ನನ್ನ ತಮ್ಮ ಈಗಲೂ ರೇಸ್ ವಿಡಿಯೊ ನೋಡುತ್ತಾನೆ, ನೋಡಲಿ. ಆದರೆ ಗೆಳೆಯರು "ಎಷ್ಟು ಬಗ್ಗಿಸ್ತೀಯ?" ಎಂದು ಕೇಳಿದರೆ ಅವನು "ಎಷ್ಟರಲ್ಲಿ ತಿರುವಿಗೆ ಹೋಗ್ತೀಯ, ಅದು ಹೇಳು ಮೊದ್ಲು" ಅನ್ನುತ್ತಾನಂತೆ. ಅಷ್ಟು ಅರ್ಥವಾದರೆ ಸಾಕು. ತಿರುವಿನೊಳಗೆ ಹೋದ ಮೇಲೆ ಎಷ್ಟು ಬಗ್ಗಬೇಕು ಎಂದು ನಾವು ತೀರ್ಮಾನಿಸುವುದಿಲ್ಲ, ಹತ್ತಿಪ್ಪತ್ತು ಮೀಟರ್ ಹಿಂದೆ ಬ್ರೇಕ್ ಹಿಡಿದೆವೋ ಇಲ್ಲವೋ ಎನ್ನುವುದು ಅದನ್ನು ಆಗಲೇ ತೀರ್ಮಾನಿಸಿರುತ್ತದೆ.

ನಿಮ್ಮೂರಿನ ದಾರಿಯಲ್ಲೂ ಒಂದು ಕೆಟ್ಟ ತಿರುವು ಇದ್ದೇ ಇರುತ್ತದೆ. ನಾಳೆ ಅಲ್ಲಿಗೆ ಬಂದಾಗ, ಬೈಕ್ ಇನ್ನೂ ನೆಟ್ಟಗಿರುವಾಗಲೇ, ಒಂದು ಸಲ ಸ್ಪೀಡೋಮೀಟರ್ ನೋಡಿ.