ಅಪ್ಪನಿಗೆ ಹೇಳದೆ ಬಿಟ್ಟ ಮಾತು

ಸಬ್‌ಟೈಟಲ್ ಓದುವಷ್ಟರಲ್ಲಿ ಮಾಯವಾಗುತ್ತದೆ ಅನ್ನುವುದು ಅಪ್ಪನ ದೂರು. ಹಾಗಾಗಿ ಇಂಗ್ಲಿಷ್ ಸಿನಿಮಾ ಹಾಕಿದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುವುದು ನನ್ನ ಕೆಲಸ. ಕಳೆದ ಭಾನುವಾರ ರಾತ್ರಿ ಹಾಕಿದ್ದು ಕ್ರಿಸ್ ಮೆಕೇ ನಿರ್ದೇಶನದ ‘ದಿ ಟುಮಾರೋ ವಾರ್’. 2021ರಲ್ಲಿ ಪ್ರೈಮ್ ವಿಡಿಯೋಗೆ ಬಂದ ಸಿನಿಮಾ.

ಫುಟ್‌ಬಾಲ್ ವಿಶ್ವಕಪ್ ಪಂದ್ಯದ ನಡುವೆ 2051ರ ಸೈನಿಕರು ಮೈದಾನಕ್ಕಿಳಿದು, ಮನುಷ್ಯಕುಲ ಸೋಲುತ್ತಿದೆ, ಸಹಾಯಕ್ಕೆ ಬನ್ನಿ ಎನ್ನುತ್ತಾರೆ. ಜೀವಶಾಸ್ತ್ರದ ಮೇಷ್ಟ್ರು ಡ್ಯಾನ್ ಹೋಗಬೇಕಾಗುತ್ತದೆ. ಆಮೇಲೆ ಬಿಳಿ ರಾಕ್ಷಸರು, ಗುಂಡು, ಮತ್ತಷ್ಟು ಗುಂಡು.

“ಆ ಪ್ರಾಣಿಗಳು ಬರೋ ಹಿಂದಿನ ದಿನಕ್ಕೇ ಹೋಗಿ ಕಾಯಬಹುದಿತ್ತಲ್ಲೇ?” ಅಪ್ಪ ಕೇಳಿದರು. ಹೊಳೆಯಲ್ಲಿ ಮೂವತ್ತು ವರ್ಷದ ಅಂತರದಲ್ಲಿ ತೇಲುವ ಎರಡು ತೆಪ್ಪಗಳಂತೆ, ಒಂದರಿಂದ ಇನ್ನೊಂದಕ್ಕೆ ಮಾತ್ರ ಹಾರಬಹುದು ಎಂದು ಸಿನಿಮಾದ ಸಮಜಾಯಿಷಿಯನ್ನೇ ಒಪ್ಪಿಸಿದೆ. ಅಪ್ಪ ಒಪ್ಪಲಿಲ್ಲ. ಸಾಧಾರಣ ಸಿನಿಮಾದ ಲಾಭವೇ ಇದು, ನಡುವೆ ಮಾತಾಡಬಹುದು.

2051ರಲ್ಲಿ ಡ್ಯಾನ್‌ಗೆ ಸಿಗುವ ವಿಜ್ಞಾನಿ ಅವನ ಮಗಳೇ. ಬದುಕಿನಲ್ಲಿ ಅಂದುಕೊಂಡದ್ದು ಆಗಲಿಲ್ಲವೆಂಬ ಕೊರಗಿನಲ್ಲಿ ನೀನು ನಮ್ಮನ್ನು ಬಿಟ್ಟು ಹೋದೆ ಎಂದು ಅವಳು ಅಪ್ಪನಿಗೆ ಹೇಳುತ್ತಾಳೆ.

“ಏನಂದ್ಲು?”

ನನ್ನ ಪಿಎಚ್‌ಡಿಗೆ ಇದು ಆರನೇ ವರ್ಷ. ಫೆಲೋಶಿಪ್ ಮುಗಿದು ನಾಲ್ಕು ತಿಂಗಳಾಗಿದೆ. ಬಿಟ್ಟುಬಿಡಲೇ ಎಂದು ದಿನವೂ ಯೋಚಿಸುತ್ತೇನೆ. ಮನೆಯಲ್ಲಿ ಹೇಳಿಲ್ಲ. “ಏನೋ ಹಳೇ ಜಗಳ ಅಪ್ಪ” ಎಂದು ತೇಲಿಸಿದೆ.

ಕೊನೆಗೆ ರಾಕ್ಷಸನ ಉಗುರಿನಲ್ಲಿ ಸಿಕ್ಕ ಬೂದಿ ಯಾವ ಜ್ವಾಲಾಮುಖಿಯದೆಂದು ಹೇಳುವವನು ಡ್ಯಾನ್‌ನ ಶಿಷ್ಯ. ಸದಾ ಜ್ವಾಲಾಮುಖಿಯದೇ ಗುಂಗಿನ ಹುಡುಗ. ಸಾವಿರ ವರ್ಷದ ಹಳೇ ಬೂದಿ ಎಂದದ್ದೇ ತಡ, ನಾನು ನೆಟ್ಟಗೆ ಕೂತೆ. ನಾನು ಮಾಡುತ್ತಿರುವುದು ತೇಗದ ಮರದ ಉಂಗುರಗಳನ್ನು ಎಣಿಸುವ ಕೆಲಸ. ಚೀನಾ-ಉತ್ತರ ಕೊರಿಯಾ ಗಡಿಯ ಆ ಪರ್ವತ ನಿಜವಾಗಿಯೂ 946ರಲ್ಲಿ ಸಿಡಿದಿತ್ತು. ಇಸವಿ ಖಚಿತವಾದದ್ದು ಆಗ ಹೂತುಹೋದ ಒಂದು ಮರದಿಂದ. 775ರ ಸುಮಾರಿಗೆ ಜಗತ್ತಿನ ಮರಗಳಲ್ಲಿ ರೇಡಿಯೋ ಕಾರ್ಬನ್ ಒಮ್ಮೆಲೇ ಏರಿದ ಗುರುತಿದೆ. ಆ ಉಂಗುರದಿಂದ ತೊಗಟೆಯವರೆಗೆ ಒಂದೊಂದೇ ಎಣಿಸಿದರು.

ಸಿನಿಮಾ ನಿಲ್ಲಿಸಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನನ್ನ ಕೆಲಸವೇನೆಂದು ಆರು ವರ್ಷದಲ್ಲಿ ಅವರಿಗೆ ಹೀಗೆ ಬಿಡಿಸಿ ಹೇಳಿರಲಿಲ್ಲ.

“ಒಂದು ಉಂಗುರ ತಪ್ಪಿದ್ರೆ?”

“ಮತ್ತೆ ಮೊದಲಿಂದ.”

“ಹಂಗಾದ್ರೆ ತಡ ಆಗೇ ಆಗುತ್ತೆ.”

ಆಗ ಹೇಳಿಬಿಟ್ಟೆ, ಫೆಲೋಶಿಪ್ ನಿಂತದ್ದನ್ನು, ಬಿಟ್ಟುಬಿಡುವ ಯೋಚನೆಯನ್ನು. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ಆ ಹುಡುಗಿ ಅವರಪ್ಪನಿಗೆ ಏನಂದ್ಲು, ಈಗ ಸರಿಯಾಗಿ ಹೇಳು” ಎಂದರು.

ರಿಮೋಟ್ ಎತ್ತಿಕೊಂಡು ಸಿನಿಮಾವನ್ನು ಹಿಂದಕ್ಕೆ ಓಡಿಸಿದೆ.