‘ಸರ್ವರ್ ಇಲ್ಲ’ ಅಂದರೆ ಮೊದಲು ಏನು ಕೇಳಬೇಕು?

ನಮ್ಮ ತ್ಯಾವಣಿಗೆ ಕಡೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುವ ಮಾತು ಕೇಳದವರಿಲ್ಲ. ಬೆಳೆ ಸಾಲಕ್ಕೆ ಪಹಣಿ ಬೇಕಾದವರಿಗೆ ಆ ‘ನಾಳೆ’ ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು. ವಯಸ್ಸಾದವರಿಗೆ ಅದಕ್ಕಿಂತ ದೊಡ್ಡ ಭಯ ಒಂದಿದೆ: ‘ಕಂಪ್ಯೂಟರಿನಾಗೆ ನಮ್ಮ ಹೊಲ ಅಳಿಸಿ ಹೋಯ್ತೇನಪ್ಪ?’

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿ ಕೊಡುವುದು ನಿಂತಿತು. ಮೊದಲು ಪುಸ್ತಕ ಕಣ್ಣಿಗೆ ಕಾಣುತ್ತಿತ್ತು. ಈಗ ಕಾಣುವುದು ಒಂದು ಪರದೆ ಮಾತ್ರ.

ನಮ್ಮೂರ ಗೆಳೆಯನೊಬ್ಬ ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಅವನ ಕೆಲಸ ಬ್ಯಾಕಪ್, ಅಂದರೆ ದಿನದ ಲೆಕ್ಕವನ್ನೆಲ್ಲ ಟೇಪಿಗೆ ನಕಲು ಮಾಡಿಡುವುದು. ಟೇಪ್ ಅಂದರೆ ಹಾಡಿನ ಕ್ಯಾಸೆಟ್ಟಿನ ದಾಯಾದಿಯೇ. ಎಲ್‌ಟಿಒ-9 ಟೇಪ್ ಒಂದರಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ತೆಗೆದು ಕಪಾಟಿಗಿಟ್ಟರೆ ಕರೆಂಟೂ ಬೇಡ, ವೈರಸ್ಸೂ ಮುಟ್ಟದು.

ಟೇಪ್ ಓದಿ ಬರೆಯುವ ಯಂತ್ರಕ್ಕೆ ಡ್ರೈವ್ ಅನ್ನುತ್ತಾರೆ. ಅದು ದುಬಾರಿ. ಹಾಗಾಗಿ ನಾಲ್ಕಾರು ಸರ್ವರ್‌ಗಳು ಸೇರಿ ಅದನ್ನು ಹಂಚಿಕೊಳ್ಳುತ್ತವೆ. ಭದ್ರಾ ನಾಲೆ ನೀರಿನ ಸರದಿ ಇದ್ದಂಗೆ. ಸರದಿ ಬಂದ ಸರ್ವರ್ ‘ಇದು ನಂದು’ ಅಂತ ಒಂದು ಬೀಗ ಹಾಕುತ್ತದೆ, ಕೆಲಸ ಮುಗಿಸಿ ಬಿಚ್ಚುತ್ತದೆ.

ಒಂದೊಂದು ರಾತ್ರಿ ಪರದೆ ಮೇಲೆ ‘ಡ್ರೈವ್ ಆಫ್‌ಲೈನ್’ ಅಂತ ಬರುತ್ತದೆ. ‘ಆಗ ಏನು ಮಾಡ್ತೀಯ?’ ಅಂದೆ.

‘ಮೊದಲು ಒಂದೇ ಪ್ರಶ್ನೆ ಕಣಣ್ಣ. ಎಲ್ಲ ಸರ್ವರ್‌ಗೂ ಆಫ್‌ಲೈನೋ, ಒಂದಕ್ಕೆ ಮಾತ್ರಾನೋ?’

ಎಲ್ಲಕ್ಕೂ ಆಗಿದ್ದರೆ ತೊಂದರೆ ಡ್ರೈವಿನಲ್ಲೇ ಇರುವುದು ಹೆಚ್ಚು: ಕರೆಂಟ್ ಹೋಗಿದೆ, ಟೇಪ್ ಸಿಕ್ಕಿಕೊಂಡಿದೆ, ಅಥವಾ ಓದುವ ಹೆಡ್ ಕೊಳೆಯಾಗಿದೆ. ಕೊಳೆಗೆ ಬೇರೆ ಕ್ಲೀನಿಂಗ್ ಟೇಪೇ ಇದೆ. ಒಂದಕ್ಕೆ ಮಾತ್ರ ಆಗಿದ್ದರೆ ದಾರಿಯ ತೊಂದರೆ: ಕೇಬಲ್, ಸ್ವಿಚ್, ಇಲ್ಲವೇ ಸರ್ವರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಡ್ರೈವಿನ ಗುರುತು ಬದಲಾಗಿರುವುದು.

ಮೂರನೆಯದು ತಮಾಷೆಯದು. ಒಂದು ಸರ್ವರ್ ಬೀಗ ಹಾಕಿಕೊಂಡೇ ಅರ್ಧಕ್ಕೆ ಕೆಟ್ಟು ನಿಂತಿರುತ್ತದೆ. ಡ್ರೈವ್ ಚೆನ್ನಾಗಿಯೇ ಇದೆ, ಆದರೆ ಉಳಿದವರಿಗೆ ಸಿಗುತ್ತಿಲ್ಲ. ಆಗ ಬೀಗ ಬಿಡಿಸಬೇಕು. ಬಿಡಿಸುವ ಮೊದಲು ನಿಜಕ್ಕೂ ಯಾರೂ ಬರೆಯುತ್ತಿಲ್ಲವೇ ಅಂತ ನೋಡಲೇಬೇಕು. ಇಲ್ಲದಿದ್ದರೆ ಬರೆಯುತ್ತಿದ್ದ ಟೇಪೇ ಕೆಟ್ಟೀತು.

ಕಾರಣ ನೋಡದೆ ‘ಆನ್‌ಲೈನ್’ ಗುಂಡಿ ಒತ್ತುವವರೂ ಇದ್ದಾರಂತೆ. ಕೆಟ್ಟಿದ್ದು ಟೇಪ್ ಆಗಿದ್ದರೆ, ಅದೇ ಟೇಪ್ ಒಂದಾದ ಮೇಲೊಂದು ಡ್ರೈವಿಗೆ ಹೋಗಿ ಬೆಳಗಾಗುವುದರೊಳಗೆ ಎಲ್ಲವನ್ನೂ ಆಫ್‌ಲೈನ್ ಮಾಡಿಸುತ್ತದೆ. ಎಲ್ಲ ಸರಿಯಾದ ಮೇಲೂ ಒಂದು ಕಡತವನ್ನು ಟೇಪಿನಿಂದ ವಾಪಸ್ ತೆಗೆದು ನೋಡಿದರೇನೇ ಕೆಲಸ ಮುಗಿದಂತೆ.

ಆಫ್‌ಲೈನ್ ಅಂದರೆ ಅಳಿಸಿಹೋಯಿತು ಅಂತಲ್ಲ. ಹಳೆಯ ಟೇಪಿನಲ್ಲಿರುವುದು ಅಲ್ಲೇ ಇರುತ್ತದೆ, ಅವತ್ತಿನ ನಕಲು ಮಾತ್ರ ತಪ್ಪುತ್ತದೆ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಖಾತೆ ಖಾಲಿಯಾಗಿತ್ತು. ಬಳಕೆದಾರರಲ್ಲಿ ಶೇ. 0.02ರಷ್ಟು ಜನ ಅಂತ ಗೂಗಲ್ ಹೇಳಿತು. ಬೇರೆ ಬೇರೆ ಕಡೆ ಇಟ್ಟಿದ್ದ ನಕಲುಗಳಿಗೂ ದೋಷ ತಟ್ಟಿತ್ತು. ಕೊನೆಗೆ ಕಾಪಾಡಿದ್ದು ಟೇಪ್.

ಅವನ ಪ್ರಶ್ನೆಯನ್ನು ನಾನೀಗ ಸುದ್ದಿಗೂ ಬಳಸುತ್ತೇನೆ. ‘ಸರ್ವರ್ ಇಲ್ಲ’ ಅಂದರೆ ಚನ್ನಗಿರಿಗೆ, ಹೊನ್ನಾಳಿಗೆ, ಜಗಳೂರಿಗೆ ಒಂದೊಂದು ಫೋನ್ ಮಾಡುತ್ತೇನೆ. ಅಲ್ಲೆಲ್ಲ ನಡೆಯುತ್ತಿದ್ದರೆ ತೊಂದರೆ ಈ ಊರಿನ ಇಂಟರ್‌ನೆಟ್ಟಿನದೋ, ಪ್ರಿಂಟರಿನದೋ ಇರಬಹುದು. ಎಲ್ಲೂ ನಡೆಯದಿದ್ದರೆ ಮಾತ್ರ ಅದು ರಾಜ್ಯದ ಸುದ್ದಿ.

ನೀವೂ ಕೇಳಿ: ‘ಇಲ್ಲಿ ಮಾತ್ರಾನೋ, ಎಲ್ಲ ಕಡೆನೋ ಸಾರ್?’ ಇಲ್ಲಿ ಮಾತ್ರ ಅಂದರೆ ಪಕ್ಕದೂರಿನ ಗ್ರಾಮ ಒನ್‌ಗೆ ಹೋಗಬಹುದು, ಇಲ್ಲವೇ ಮಗನ ಮೊಬೈಲಿನಲ್ಲಿ ಭೂಮಿ ವೆಬ್‌ಸೈಟ್ ತೆಗೆಸಿ ಸರ್ವೆ ನಂಬರ್ ಹಾಕಿ ನೋಡಬಹುದು. ಎಲ್ಲ ಕಡೆ ಅಂದರೆ ಬಸ್ ಚಾರ್ಜು ಉಳಿಸಿ, ಮನೆಯಿಂದಲೇ ಫೋನ್ ಮಾಡಿ ವಿಚಾರಿಸಿ. ಹೊಲ ಎಲ್ಲೂ ಹೋಗಿರುವುದಿಲ್ಲ.