ನಾಲ್ಕು ಗೀರು

ಬಂಟ್ವಾಳದ ಆಟಿ ತಿಂಗಳ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವವನಿಗೆ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಆಲಿಸುವ ವಿದ್ಯೆಯು ಗುರುವಿಲ್ಲದೆಯೇ ಸಿದ್ಧಿಸುತ್ತದೆ: ಮೇಲೆ ಮುಸಲಧಾರೆಯ ಆರ್ಭಟ, ಕೆಳಗೆ ಲೋಹವನ್ನು ಕೊರೆಯುವ ಕಟ್ಟರಿನ ಏಕಶ್ರುತಿ. ಬಿ.ಸಿ. ರೋಡಿನ ಸಮೀಪದ ನನ್ನ ಪುಟ್ಟ ವರ್ಕ್‌ಶಾಪಿಗೆ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರವನ್ನು ಇಳಿಸಿದ ದಿನ, 1974ರ ನೆರೆಯನ್ನು ಕಣ್ಣಾರೆ ಕಂಡಿದ್ದ ಹಿರಿಯರೊಬ್ಬರು ಅದರ ಬೆಲೆಯನ್ನಾಗಲಿ ಬಲವನ್ನಾಗಲಿ ವಿಚಾರಿಸದೆ, “ನೆಲ ಎಷ್ಟು ಎತ್ತರ ಮಾಡಿದ್ದೀರಿ ಮಾರಾಯ್ರೆ?” ಎಂದಷ್ಟೇ ಕೇಳಿದ್ದರು, ನೇತ್ರಾವತಿಯ ದಡದಲ್ಲಿ ಯಂತ್ರಶಾಸ್ತ್ರದ ಪ್ರಥಮ ಪಾಠವು ಅದೇ ಇರಬೇಕು.

ಎಲ್ಲವೂ ಸುಸೂತ್ರವಾಗಿ ಸಾಗುವಾಗ ಈ ಯಂತ್ರದಷ್ಟು ನೀರಸವಾದ ಸಂಗಾತಿ ಬೇರೊಂದಿಲ್ಲ. ಬಾಗಿಲು ಮುಚ್ಚಿ, ಗುಂಡಿಯೊತ್ತಿ, ಚಹಾ ಕುಡಿಯುತ್ತ ಕುಳಿತರಾಯಿತು. ಅದರ ಸವಿಯಾದರೋ ಕೆಲಸ ಕೆಟ್ಟಾಗಲೇ ಆರಂಭವಾಗುತ್ತದೆ. ದೋಷವು ಕಣ್ಣಿಗೆ ಬಿದ್ದು ಕಾರಣವಿನ್ನೂ ಬುದ್ಧಿಗೆ ಬೀಳದಿರುವ ಆ ನಡುವಿನ ಹೊತ್ತು, ಅದು ಗಳಿಗೆಯಿರಲಿ ದಿನವಿರಲಿ, ನನಗೆ ಊಟವನ್ನು ಮರೆಸಿದುದುಂಟು. ಮನೆಯವರು ಇದನ್ನು ಹುಚ್ಚೆನ್ನುತ್ತಾರೆ; ನಾನು ವಾದಕ್ಕೆ ಹೋಗುವುದಿಲ್ಲ.

ಹೆಲಿಕಾಪ್ಟರಿನ ರೆಕ್ಕೆಯ ವಕ್ರತೆಯನ್ನು ಅಂಕಿಗಳಿಂದ ಹಿಡಿಯಹೊರಟ ಜಾನ್ ಪಾರ್ಸನ್ಸ್ ಎಂಬಾತನ ಯೋಚನೆಯು ಬೆಳೆದು, 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಂಧ್ರಪಟ್ಟಿಯನ್ನು ಓದಿಕೊಂಡು ತಾನೇ ನಡೆಯುವ ಮಿಲ್ಲಿಂಗ್ ಯಂತ್ರವಾಯಿತಂತೆ. ಅದೇ ವಿದ್ಯೆಯಿಂದ ನಾನಿಲ್ಲಿ ಕೊರೆಯುವುದು, ಬೆಳ್ತಂಗಡಿಯ ತೋಟಗಳಲ್ಲಿ ತಾನಾಗಿ ಉದುರುವ ಅಡಿಕೆ ಹಾಳೆಯನ್ನು ನೆನೆಸಿ, ಬಿಸಿಯಾಗಿ ಒತ್ತಿ ತಟ್ಟೆ ಮಾಡುವ ಅಚ್ಚುಗಳನ್ನು. ಆಕಾಶಕ್ಕೆ ಹಾರಬೇಕಾಗಿದ್ದ ಗಣಿತವು ಮದುವೆಯೂಟದ ಪಂಕ್ತಿಗೆ ಇಳಿದು ಬಂದುದು ಅದಕ್ಕೆ ಅವಮಾನವೆಂದು ನಾನು ಭಾವಿಸುವುದಿಲ್ಲ.

ಅಚ್ಚಿನ ಬಾಗಿದ ಅಂಚನ್ನು ನಯಗೊಳಿಸುವುದು ತುದಿ ಉರುಟಾದ ಬಾಲ್‌ನೋಸ್ ಕಟ್ಟರು. ಅದು ಗದ್ದೆಯಲ್ಲಿ ನೇಗಿಲು ಹೋದಂತೆ ಸಾಲುಸಾಲಾಗಿ ಹೋಗುತ್ತದೆ, ಎರಡು ಸಾಲುಗಳ ನಡುವೆ ಸಣ್ಣದೊಂದು ಏರಿಯನ್ನು ಉಳಿಸುತ್ತದೆ. 10 ಮಿ.ಮೀ. ವ್ಯಾಸದ ಕಟ್ಟರಿಗೆ ಸಾಲಿನ ಅಂತರವನ್ನು 1 ಮಿ.ಮೀ. ಕೊಟ್ಟರೆ ಏರಿಯ ಎತ್ತರ 25 ಮೈಕ್ರಾನ್. ಅಂತರವನ್ನು ಅರ್ಧಕ್ಕಿಳಿಸಿದರೆ ಎತ್ತರವು ಅರ್ಧವಾಗದೆ ಕಾಲಾಗಿ, ಸುಮಾರು 6 ಮೈಕ್ರಾನಿಗೆ ಇಳಿಯುತ್ತದೆ, ಹಿಡಿಯುವ ಸಮಯ ಮಾತ್ರ ಇಮ್ಮಡಿ. ಇಷ್ಟು ಸೂಕ್ಷ್ಮವಾಗಿ ಕೊರೆಯುವ ಇದೇ ಕಟ್ಟರನ್ನು ಅಚ್ಚಿನ ಸಪಾಟು ತಳಕ್ಕೂ ನಡೆಸಿ, ತಳವೆಲ್ಲ ಮಂಕಾದುದನ್ನು ಕಂಡು ಮೊದಮೊದಲು ನಾನು ಅಲ್ಯೂಮಿನಿಯಮನ್ನು ಶಪಿಸಿದ್ದೆನು. ಉರುಟು ತುದಿಯ ನಟ್ಟನಡುವಿನ ಬಿಂದುವು ತಿರುಗುವ ಅಕ್ಷದ ಮೇಲೆಯೇ ಇರುವುದರಿಂದ, ನಿಮಿಷಕ್ಕೆ 6000 ಸುತ್ತು ತಿರುಗಿಸಿದರೂ ಅದರ ವೇಗ ಶೂನ್ಯವೇ. ಅದು ಕೊರೆಯುವುದಿಲ್ಲ, ತಿಕ್ಕುತ್ತದೆ. ಬೀಸುವ ಕಲ್ಲಿನಲ್ಲಿ ನಡುಗೂಟದ ಬುಡದಲ್ಲಿ ಹಿಟ್ಟಾಗುವುದುಂಟೆ? ಚಪ್ಪಟೆ ತುದಿಯ ಕಟ್ಟರನ್ನು ಹಾಕಿದೊಡನೆ ತಳಕ್ಕೆ ಕಳೆ ಬಂತು.

ಇಂಥ ಹಲವು ಆಟಗಳ ಅನಂತರವೂ ನನ್ನನ್ನು ಬೆಪ್ಪುಗೊಳಿಸಿದುದು ವೇಣೂರಿನ ಕಡೆಯ ಕೃಷಿಕರೊಬ್ಬರ ಅಚ್ಚು. ಅವರು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ಹೆಬ್ಬೆರಳಿನ ಉಗುರನ್ನು ಅಂಚಿನ ಒಳಮೈಯ ಸುತ್ತ ಒಮ್ಮೆ ಎಳೆದು, “ಇಲ್ಲಿ ಉಗುರು ನಿಲ್ತದೆ ಮಾರಾಯ್ರೆ, ಇಲ್ಲಿಯೂ ನಿಲ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಗೀರು, ವಾಸ್ತು ನೋಡಿ ಇಟ್ಟ ಹಾಗೆ ಉಂಟಲ್ಲ!” ಎಂದು ನಕ್ಕರು.

ನನ್ನ ಸಂಶಯವು ನೇರವಾಗಿ ಯಂತ್ರದ ಮೇಲೆಯೇ ಹೋಯಿತು, ಮತ್ತು ಹಾಗೆ ಹೋಗಲು ಶಾಸ್ತ್ರಾಧಾರವೂ ಇತ್ತು. ವೃತ್ತವೆಂಬುದು ಎರಡು ಅಕ್ಷಗಳ ಕೂಡುನಡೆ; ನಾಲ್ಕು ದಿಕ್ಕುಗಳಲ್ಲಿಯೂ ಒಂದಿಲ್ಲೊಂದು ಅಕ್ಷವು ಬಂದ ದಾರಿಗೆ ಹಿಂತಿರುಗಬೇಕಾಗುತ್ತದೆ, ಅಕ್ಷವನ್ನು ನಡೆಸುವ ಬಾಲ್‌ಸ್ಕ್ರೂ ಸವೆದು ಸಡಿಲವಾಗಿದ್ದರೆ ಆ ತಿರುವಿನಲ್ಲಿಯೇ ಗೀರು ಬೀಳುತ್ತದೆ. ಪೀಣ್ಯದ ಮೆಕ್ಯಾನಿಕ್ಕಿಗೆ ಫೋನು ಮಾಡಿ ಹೊಸ ಸ್ಕ್ರೂವಿನ ಬೆಲೆಯನ್ನು ಕೇಳಿಯೂ ಆಯಿತು. ಬೆಲೆಯನ್ನು ಕೇಳಿದ ಮೇಲೆ ಬುದ್ಧಿಗೆ ತುಸು ಚುರುಕು ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಏಕೆಂದರೆ ಆಗ ಪ್ರೋಗ್ರಾಮನ್ನು ತೆರೆದು ನೋಡಲಾಗಿ, ನಾನು ಬರೆದ ಪ್ರತಿಯೊಂದು ವೃತ್ತವೂ ನಾಲ್ಕು ಕಾಲುವೃತ್ತಗಳಾಗಿ ಒಡೆದುಕೊಂಡಿತ್ತು, ಒಡೆದ ಸ್ಥಾನಗಳೂ ಅವೇ ನಾಲ್ಕು ದಿಕ್ಕುಗಳಾಗಿದ್ದವು. ಒಂದೇ ಜಾಗದಲ್ಲಿ ಎರಡು ಹೆಜ್ಜೆಗುರುತು, ಕಳ್ಳನಾರು?

ಜಿ 68 ಎಂಬ ಆಜ್ಞೆಯು ಇಡೀ ಚಿತ್ರವನ್ನು ಬೇಕಾದ ಕೋನಕ್ಕೆ ತಿರುಗಿಸಿ ಕೊಡುತ್ತದೆ. ಚಿತ್ರವನ್ನು 30 ಡಿಗ್ರಿ ತಿರುಗಿಸಿದರೆ ಕಾಲುವೃತ್ತಗಳ ಸಂಧಿಗಳು ಅದರೊಡನೆ ತಿರುಗುತ್ತವೆ. ಸ್ಕ್ರೂ ಹಿಂತಿರುಗುವ ಸ್ಥಾನಗಳಾದರೋ ಎಲ್ಲಿದ್ದವೋ ಅಲ್ಲಿಯೇ. ರದ್ದಿ ಅಲ್ಯೂಮಿನಿಯಮಿನ ತುಂಡೊಂದನ್ನು ವೈಸಿಗೆ ಕಚ್ಚಿಸಿ, ಹೊರಗೆ ಕರೆಂಟು ಯಾವಾಗ ಹೋದೀತೆಂಬ ಆತಂಕದಲ್ಲಿ ಇಪ್ಪತ್ತು ನಿಮಿಷ ಕಾದು, ಕೂಲೆಂಟನ್ನು ಒರೆಸಿ, ನಾನೂ ಉಗುರನ್ನೇ ಎಳೆದೆನು. ಗೀರುಗಳು 30 ಡಿಗ್ರಿ ಸರಿದು ಕುಳಿತಿದ್ದವು.

ಯಂತ್ರವು ನಿರಪರಾಧಿ. ಪ್ರೋಗ್ರಾಮಿನ ತಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಜಿ 61 ಎಂಬ ಒಂದು ಪದವಿತ್ತು. ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ಪೂರ್ತಿಯಾಗಿ ನಿಂತು, ಗುರಿಯನ್ನು ಮುಟ್ಟಿದುದನ್ನು ಖಚಿತಪಡಿಸಿಕೊಂಡು ಮುಂದೆ ಸಾಗೆಂಬುದು ಅದರ ಅರ್ಥ. ಒಮ್ಮೆ ಆಡಿದರೆ, ಜಿ 64 ಮುಂತಾದ ಬೇರೊಂದು ಮಾತಿನಿಂದ ಹಿಂತೆಗೆದುಕೊಳ್ಳುವವರೆಗೂ ಅದು ಜಾರಿಯಲ್ಲಿರುತ್ತದೆ. ತಿಂಗಳುಗಳ ಹಿಂದೆ ಚೌಕದ ಪೆಟ್ಟಿಗೆಯೊಂದಕ್ಕೆ ಚೂಪು ಮೂಲೆಗಳು ಬೇಕೆಂದು ನಾನೇ ಅದನ್ನು ಬರೆದಿದ್ದೆನು, ಅನಂತರ ಆ ತಲೆಬರಹವನ್ನೇ ಸೋಮಾರಿತನದಿಂದ ಅಚ್ಚಿಗೂ ನಕಲು ಮಾಡಿದ್ದೆನು. ಕೊರೆಯುವ ಒತ್ತಡಕ್ಕೆ ಕೂದಲೆಳೆಯಷ್ಟು ಬಾಗಿಕೊಂಡು ನಡೆಯುವ ಕಟ್ಟರು, ನಿಂತ ಕ್ಷಣದಲ್ಲಿ ಒತ್ತಡವಿಳಿದು ನೆಟ್ಟಗಾಗಿ, ಗೋಡೆಯನ್ನು ತುಸು ಹೆಚ್ಚಾಗಿ ಕಚ್ಚುತ್ತದೆ. ಪಾಪ, ಅದು ನಾನು ಹೇಳಿದಂತೆಯೇ ನಡೆದುಕೊಂಡಿತ್ತು. ನಮ್ಮ ಕಂಟ್ರೋಲಿನಲ್ಲಿ 50ರ ಮುಂದೆ ಚುಕ್ಕಿಯಿಡಲು ಮರೆತರೆ 50 ಮಿ.ಮೀ. ಹೋಗಿ 50 ಮೈಕ್ರಾನ್ ಆಗುತ್ತದೆ. ಇಷ್ಟು ಅಕ್ಷರಶಃ ವಿಧೇಯನಾದ ಶಿಷ್ಯನೊಡನೆ ಮಾತಾಡುವಾಗ ಗುರುವಾದವನು ಬಾಯಿ ಬಿಗಿಹಿಡಿಯಬೇಡವೆ?

ಹೊಸ ಅಚ್ಚನ್ನು ಆ ಕೃಷಿಕರಿಗೆ ನಾನೇ ಒಯ್ದು ಕೊಟ್ಟೆನು. ಅವರು ಉಗುರೆಳೆದು, ಏನೂ ಹೇಳದೆ ಒಳಗೆ ಹೋಗಿ ಬೆಲ್ಲ ನೀರು ತಂದರು. 1604ರಿಂದ ವೇಣೂರಿನಲ್ಲಿ ನಿಂತಿರುವ ಗೊಮ್ಮಟನಿಗೆ ಕೈಮುಗಿದು ಹಿಂತಿರುಗುವಾಗ, ಮಳೆ ಬಿಟ್ಟಿದ್ದುದರಿಂದ ಮೂಡಬಿದಿರೆಯಲ್ಲಿ ಇಳಿದು ಸಾವಿರ ಕಂಬದ ಬಸದಿಯನ್ನು ಹೊಕ್ಕೆನು. 1430ರಲ್ಲಿ ಕಟ್ಟಿಸಿದ ಆ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂಬುದು ಪ್ರತೀತಿ. ಹಳೆಯ ಕಂಬದ ತಲೆಬರಹವನ್ನು ಹೊಸ ಕಂಬಕ್ಕೆ ನಕಲು ಮಾಡುವ ಸೌಕರ್ಯವು ಆ ಶಿಲ್ಪಿಗಳಿಗೆ ಇರಲಿಲ್ಲವೋ, ಇದ್ದೂ ಬೇಡವೆಂದರೋ. ಆಚೀಚೆ ನೋಡಿ, ಉರುಟಾದ ಕಂಬವೊಂದರ ಸುತ್ತ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದೆನು. ಮೂಡಣ, ಪಡುವಣ, ಬಡಗು, ತೆಂಕು ಎಲ್ಲಿಯೂ ಅದು ನಿಲ್ಲಲಿಲ್ಲ. ಬಡಗಿಗೂ ಮೂಡಣಕ್ಕೂ ನಡುವೆ, ಇರಬಾರದ ಒಂದೆಡೆಯಲ್ಲಿ, ಸ್ಪಷ್ಟವಾಗಿ ನಿಂತಿತು. ಶಿಲ್ಪಿಯು ಉಳಿಯನ್ನು ಬದಲಾಯಿಸಿದನೆ, ಊಟಕ್ಕೆದ್ದನೆ, ಮಗ್ಗುಲು ಬದಲಿಸಿ ಕುಳಿತನೆ? ಬಂಟ್ವಾಳಕ್ಕೆ ಹೋಗುವ ಬಸ್ಸು ಒಂದು ಹೋಯಿತು, ಮತ್ತೊಂದೂ ಹೋಯಿತು.